ಕಂಡೆನೆಂಬ ಮಾತು

ವಿಮಾನ ನಿಲ್ದಾಣಗಳ ಸಮೀಪದಲ್ಲಿ ಆಕಾಶವೂ ಇಕ್ಕಟ್ಟಾಗುತ್ತದೆ. ಅಲ್ಲಿ ವಿಮಾನಗಳ ನಡುವೆ ಅಂತರವನ್ನು ಕಾಯುವ ಹೊಣೆ ಸಾಮಾನ್ಯವಾಗಿ ನೆಲದ ಮೇಲಿನ ನಿಯಂತ್ರಕನದು. ಆದರೆ ಅಮೆರಿಕದಲ್ಲಿ ಬಹುಕಾಲದಿಂದ ಇನ್ನೊಂದು ಪದ್ಧತಿಯೂ ನಡೆದುಬಂದಿದೆ. ಹತ್ತಿರದಲ್ಲೊಂದು ವಿಮಾನವಿದೆಯೆಂದು ನಿಯಂತ್ರಕನು ತಿಳಿಸುತ್ತಾನೆ. “ಕಂಡೆ” ಎಂದು ಚಾಲಕನು ಉತ್ತರಿಸುತ್ತಾನೆ. ಅಲ್ಲಿಂದ ಮುಂದೆ ಅಂತರ ಕಾಯುವುದು ಚಾಲಕನ ಕಣ್ಣಿನ ಕೆಲಸ. ಭಾಷೆಯನ್ನು ಬೋಧಿಸಿ ಬಾಳಿದ ನನಗೆ, ಒಂದು ಕ್ರಿಯಾಪದದ ಮೇಲೆ ಇಷ್ಟು ಪ್ರಾಣಗಳ ಭಾರವಿರುವುದು ಸೋಜಿಗವೆನಿಸುತ್ತದೆ.

1978ರ ಸೆಪ್ಟೆಂಬರ್ 25ರ ಬೆಳಗ್ಗೆ ಸ್ಯಾನ್ ಡಿಯಾಗೊ ನಗರದ ಆಕಾಶ ನಿರ್ಮಲವಾಗಿತ್ತು. ಪೆಸಿಫಿಕ್ ಸೌತ್‌ವೆಸ್ಟ್ ಸಂಸ್ಥೆಯ ಬೋಯಿಂಗ್ 727 ಇಳಿಯಲು ಬರುತ್ತಿತ್ತು. ಅದರ ಮುಂದೆ ಒಂದು ಪುಟ್ಟ ಸೆಸ್ನಾ ವಿಮಾನ. ಬೋಯಿಂಗಿನವರು ಅದನ್ನು ಕಂಡೆವೆಂದರು. ಬಳಿಕ ಅದು ಅವರಿಗೆ ಕಣ್ಮರೆಯಾಯಿತು. ಬಲಕ್ಕೆ ದಾಟಿಹೋಗಿರಬೇಕೆಂದು ಅವರು ಹೇಳಿದರು; ದಾಟುತ್ತಿದೆಯೆಂದು ನಿಯಂತ್ರಣ ಗೋಪುರಕ್ಕೆ ಕೇಳಿಸಿತು. ಭೂತಕಾಲದ ಊಹೆ ವರ್ತಮಾನಕಾಲದ ನಿಶ್ಚಯವಾಗಿಬಿಟ್ಟಿತು. ಸೆಸ್ನಾ ತನಗೆ ಹೇಳಿದ್ದ ದಿಕ್ಕನ್ನು ಬಿಟ್ಟು ತಿರುಗಿದ್ದುದೂ ನಿಜ. ಆದರೆ ಕಾಣುತ್ತಿಲ್ಲವೆಂಬ ನೇರವಾದ ಮಾತು ಗೋಪುರವನ್ನು ಮುಟ್ಟಲೇ ಇಲ್ಲ. ನೆಲದ ಮೇಲಿದ್ದ ಏಳು ಮಂದಿಯೂ ಸೇರಿ 144 ಜನ ಮಡಿದರು.

ಕಣ್ಣನ್ನು ದೂಷಿಸಿ ಫಲವಿಲ್ಲ. ಚಲಿಸುವುದನ್ನು ಬೇಗ ಗುರುತಿಸುವುದು ಅದರ ಸ್ವಭಾವ. ನೇರ ಮಾರ್ಗದಲ್ಲಿ ಡಿಕ್ಕಿಗೆ ಬರುವ ವಿಮಾನವಾದರೋ ಎದುರಿನ ಗಾಜಿನಲ್ಲಿ ಒಂದೇ ಕಡೆ ನಿಂತ ಚುಕ್ಕೆಯಂತೆ ತೋರಿ, ಕೊನೆಯ ಕ್ಷಣಗಳಲ್ಲಿ ಮಾತ್ರ ಹಠಾತ್ತನೆ ಹಿಗ್ಗುತ್ತದೆ. ಹಗಲಲ್ಲಿ ಕೆಳಗಿನ ಮನೆಗಳ ನಡುವೆ, ಇರುಳಲ್ಲಿ ಊರ ದೀಪಗಳ ನಡುವೆ ಅದು ಕರಗಿಹೋಗುತ್ತದೆ.

1986ರಲ್ಲಿ ಲಾಸ್ ಏಂಜಲಿಸ್ ಬಳಿಯ ಸೆರಿಟೋಸ್‌ನಲ್ಲಿ ಮತ್ತೆ ಇಂಥದೇ ಡಿಕ್ಕಿಯಾಗಿ 82 ಜನ ಸತ್ತ ಮೇಲೆ, ಡಿಕ್ಕಿಯನ್ನು ತಪ್ಪಿಸುವ ಯಂತ್ರವನ್ನು ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಅಮೆರಿಕ ಕಡ್ಡಾಯಗೊಳಿಸಿತು. ಆದರೆ ನೆಲಕ್ಕೆ ತೀರ ಸಮೀಪದಲ್ಲಿ ಆ ಯಂತ್ರ ಏರೆಂದಾಗಲಿ ಇಳಿಯೆಂದಾಗಲಿ ಆದೇಶಿಸುವುದಿಲ್ಲ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್ನಿನ ಪೊಟೊಮ್ಯಾಕ್ ನದಿಯ ಮೇಲೆ ನಡೆದದ್ದು ಸುಮಾರು 300 ಅಡಿ ಎತ್ತರದಲ್ಲಿ. ವಿಮಾನ ಕಂಡಿದೆಯೆಂದೂ ಅಂತರವನ್ನು ತಾವೇ ಕಾಯುವೆವೆಂದೂ ಸೇನೆಯ ಹೆಲಿಕಾಪ್ಟರಿನವರು ತಿಳಿಸಿದ್ದರು. 67 ಜನ ಹೋದರು, ಒಬ್ಬರೂ ಉಳಿಯಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಕಂಡೆನೆಂಬುದು ಒಂದು ಕ್ಷಣದ ಸಾಕ್ಷ್ಯ. ಹೊಣೆಯಾದರೋ ಅದರ ಮುಂದಿನ ಕ್ಷಣಗಳದೆಲ್ಲ. ಕಣ್ತಪ್ಪಿದೊಡನೆ ತಿಳಿಸಬೇಕೆಂಬ ನಿಯಮ ಅಂದೂ ಇತ್ತು, ಇಂದೂ ಇದೆ. ಕಂಡೆನೆಂದವನು ಕಾಣುತ್ತಿಲ್ಲವೆಂದು ಹೇಳಲು ಹಿಂದೆಗೆಯದಿದ್ದಾಗಲೇ ಆ ಮೊದಲ ಮಾತಿಗೆ ಬೆಲೆ.