ಲಂಡನ್ನಿನ ಬೆಂಕಿ ಮತ್ತು ನನ್ನ ಮನೆಯ ವಿಮೆ

ಹೋದ ವಾರ ಮನೆ ಸಾಲದ ಕಾಗದಗಳಿಗೆ ಸಹಿ ಹಾಕಲು ಕೂತಾಗ ಕಟ್ಟಿನ ಮಧ್ಯದಿಂದ ಒಂದು ಹಾಳೆ ಹೊರಬಂತು. ಮನೆ ವಿಮೆಯ ಕೊಟೇಶನ್ನು. ಸಾಲ 60 ಲಕ್ಷ, ವಿಮೆಯೂ ಸರಿಯಾಗಿ 60 ಲಕ್ಷಕ್ಕೆ. ಅವಧಿ 10 ವರ್ಷ. ಪ್ರೀಮಿಯಂ ಪೂರಾ ಒಂದೇ ಕಂತು, ಅದನ್ನೂ ಸಾಲಕ್ಕೇ ಸೇರಿಸಿಬಿಡುತ್ತಾರಂತೆ. "ಈ ರೇಟು ಸರಿಯಾ?" ಅಂತ ಕೇಳಿದೆ. "ಎಲ್ಲರೂ ಇದನ್ನೇ ತಗೋತಾರೆ ಸಾರ್" ಅಂದರು. ನನ್ನ ಪ್ರಶ್ನೆಗೂ ಅವರ ಉತ್ತರಕ್ಕೂ ಸಂಬಂಧ ಇರಲಿಲ್ಲ. ಎರಡು ದಿನ ಟೈಮ್ ಕೊಡಿ ಅಂತ ಹೇಳಿ ಹಾಳೆಯನ್ನು ಮನೆಗೆ ತಂದೆ.

ಬದನೆಕಾಯಿಯ ರೇಟು ಸರಿಯಾ ಅಂತ ನಮಗೆ ಗೊತ್ತಾಗುತ್ತದೆ. ಪಕ್ಕದ ಗಾಡಿಯವನನ್ನು ಕೇಳಬಹುದು. ಒಳಗೆ ಹುಳ ಇದ್ದರೆ ಮುಂದಿನ ವಾರ ಅವನ ಹತ್ತಿರ ಹೋಗದಿದ್ದರಾಯಿತು. ವಿಮೆಯಲ್ಲಿ ಹುಳ ಇದೆಯೋ ಇಲ್ಲವೋ ಗೊತ್ತಾಗುವುದು ಮನೆ ಸುಟ್ಟ ಮೇಲೆ! ಹಾಗಾದರೆ ಮೊಟ್ಟಮೊದಲು ಮನೆ ವಿಮೆ ಕೊಂಡವರು ಬೆಲೆಯನ್ನು ಹೇಗೆ ಅಳೆದರು ಅನ್ನೋ ಕುತೂಹಲ ಹುಟ್ಟಿತು. ಅದನ್ನು ಹಿಡಿದು ಹೋದರೆ 17ನೇ ಶತಮಾನದ ಲಂಡನ್ನಿಗೆ ಹೋಗಿ ನಿಂತೆ.

1666ರ ಸೆಪ್ಟೆಂಬರ್ 2, ಭಾನುವಾರ ಬೆಳಗಿನ ಜಾವ ಪುಡ್ಡಿಂಗ್ ಲೇನಿನ ಒಂದು ಬೇಕರಿಯಲ್ಲಿ ಹೊತ್ತಿದ ಬೆಂಕಿ ನಾಲ್ಕೈದು ದಿನ ಊರನ್ನು ತಿಂದಿತು. ಸುಮಾರು 13,200 ಮನೆಗಳು, 87 ಚರ್ಚುಗಳು ಹೋದವು. ಇದು ನಮಗೆಲ್ಲ ಶಾಲೆಯಲ್ಲೇ ಗೊತ್ತಿರುವ ಕಥೆ. ಗೊತ್ತಿಲ್ಲದ್ದು ಅದರ ನಂತರದ್ದು. ಆಗ ಬಾಡಿಗೆ ಕರಾರುಗಳಲ್ಲಿ ರಿಪೇರಿಯ ಹೊಣೆ ಬಹಳಷ್ಟು ಸಲ ಬಾಡಿಗೆದಾರನ ತಲೆ ಮೇಲೇ ಇರುತ್ತಿತ್ತು. ಮನೆ ಬೂದಿಯಾದರೂ ಕರಾರು ಬೂದಿಯಾಗುವುದಿಲ್ಲವಲ್ಲ. ಇಲ್ಲದ ಮನೆಗೆ ಬಾಡಿಗೆಯನ್ನೂ ಕೊಡಬೇಕು, ಅದನ್ನು ತಾನೇ ಕಟ್ಟಿಸಲೂ ಬೇಕು! ಈ ಜಗಳಗಳನ್ನು ಬಿಡಿಸಲೆಂದೇ 1667ರಲ್ಲಿ 'ಫೈರ್ ಕೋರ್ಟ್' ಅಂತ ಒಂದು ವಿಶೇಷ ನ್ಯಾಯಾಲಯ ಕೂತಿತು. ಕಟ್ಟಿಸುವವನಿಗೆ ಬಾಡಿಗೆ ಇಳಿಸಿ, ಕರಾರಿನ ವರ್ಷಗಳನ್ನು ಹೆಚ್ಚಿಸಿ, ಹೇಗೋ ಒಪ್ಪಂದ ಮಾಡಿಸಿದರು. ಹಡಗಿಗೆ ವಿಮೆ ಇತ್ತು, ಮನೆಗೆ ಇರಲಿಲ್ಲ. (ಜರ್ಮನಿಯ ಹ್ಯಾಂಬರ್ಗಿನವರು ಮೊದಲೇ ಹುಷಾರಾಗಿದ್ದರು. ಪರಸ್ಪರ ಸಹಾಯದ ಬೆಂಕಿ ಕರಾರುಗಳು ಅಲ್ಲಿ 16ನೇ ಶತಮಾನದ ಕೊನೆಗೇ ಇದ್ದವು, 1676ರಲ್ಲಿ ಅವೆಲ್ಲ ಸೇರಿ ಒಂದು ನಗರ ನಿಧಿಯಾಯಿತು.)

ಲಂಡನ್ನಿನಲ್ಲಿ ಈ ಅಂಗಡಿ ತೆರೆದವನು ನಿಕೋಲಸ್ ಬಾರ್ಬನ್. ಓದಿದ್ದು ವೈದ್ಯಕೀಯ, ಮಾಡಿದ್ದು ರಿಯಲ್ ಎಸ್ಟೇಟು. ಅಪ್ಪ ಕಟ್ಟಾ ಪ್ಯೂರಿಟನ್, ಮಗನಿಗೆ "ಯೇಸು ನಿನಗಾಗಿ ಸಾಯದಿದ್ದರೆ ನಿನಗೆ ನರಕವೇ ಗತಿಯಾಗುತ್ತಿತ್ತು" ಅನ್ನೋ ಅರ್ಥದ ಹೆಸರಿಟ್ಟಿದ್ದನಂತೆ. ರೇಷನ್ ಕಾರ್ಡಿನಲ್ಲಿ ಹೇಗೆ ಬರೆಸುವುದು ಹೇಳಿ :) ಇರಲಿ. 1680ರ ಹೊತ್ತಿಗೆ ಬಾರ್ಬನ್ ಮತ್ತು ಅವನ ಪಾಲುದಾರರು ರಾಯಲ್ ಎಕ್ಸ್‌ಚೇಂಜ್ ಹಿಂಭಾಗದಲ್ಲಿ ಮನೆಗಳ ವಿಮಾ ಕಚೇರಿ ತೆರೆದರು. ಇಟ್ಟಿಗೆ ಮನೆಯಾದರೆ ವರ್ಷದ ಬಾಡಿಗೆಯ 2.5%, ಮರದ ಮನೆಯಾದರೆ 5%.

ಈ ದರ ನೋಡಿ ನಾನು ಕಾಗದ ಪೆನ್ಸಿಲ್ ತೆಗೆದುಕೊಂಡೆ. ವರ್ಷಕ್ಕೆ 10 ಪೌಂಡ್ ಬಾಡಿಗೆಯ ಇಟ್ಟಿಗೆ ಮನೆ. ಪ್ರೀಮಿಯಂ ಕಾಲು ಪೌಂಡ್, ಅಂದರೆ 5 ಶಿಲಿಂಗ್. ಮನೆ ಮತ್ತೆ ಕಟ್ಟಲು ಹತ್ತು ವರ್ಷದ ಬಾಡಿಗೆಯಷ್ಟು, 100 ಪೌಂಡ್ ಬೇಕು ಅಂತ ಇಟ್ಟುಕೊಳ್ಳೋಣ. ಅಂಥ 400 ಮನೆಗಳಿಂದ ವರ್ಷಕ್ಕೆ ಬರುವುದು 100 ಪೌಂಡ್. ಅಂದರೆ ವರ್ಷಕ್ಕೆ 400ರಲ್ಲಿ ಒಂದು ಮನೆ ಪೂರ್ತಿ ಸುಟ್ಟರೆ ಬಾರ್ಬನ್ನನಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಮರದ ಮನೆಗಳಲ್ಲಿ 200ಕ್ಕೆ ಒಂದು. ಈಗ ಕೊಳ್ಳುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ಸುಲಭವಾಯಿತು. ನಮ್ಮ ಕಡೆ 400 ಇಟ್ಟಿಗೆ ಮನೆಗಳಲ್ಲಿ ವರ್ಷಕ್ಕೊಂದು ಸುಡುತ್ತದಾ? 1667ರ ಕಾನೂನು ಸಿಟಿಯೊಳಗೆ ಹೊಸ ಮನೆಗಳ ಹೊರಗೋಡೆ ಇಟ್ಟಿಗೆ ಇಲ್ಲವೇ ಕಲ್ಲಿನದೇ ಆಗಿರಬೇಕು ಅಂದಿತ್ತು. ಊರು ಮೊದಲಿನಷ್ಟು ಸುಲಭವಾಗಿ ಸುಡುವ ಹಾಗಿರಲಿಲ್ಲ. ಹಾಗಾಗಿ ಬಾರ್ಬನ್ನನ ದರ ಧಾರಾಳವಾಗಿತ್ತು, ಅವನ ಕಡೆಗೆ, ಅಂತ ನನ್ನ ಅನಿಸಿಕೆ.

ಲಂಡನ್ನಿನವರಿಗೂ ಹಾಗೇ ಅನ್ನಿಸಿರಬೇಕು. 1681ರಲ್ಲಿ ನಗರಸಭೆಯೇ ಕಡಿಮೆ ದರದ ವಿಮೆಯನ್ನು ಶುರು ಮಾಡಿತು. ಖಾಸಗಿಯವನಿಗಿಂತ ಅಗ್ಗ, ಮೇಲಾಗಿ ಸರ್ಕಾರಿ ಭರವಸೆ, ಯಾರು ಬೇಡ ಅಂತಾರೆ? ಆದರೆ ಚಂದಾದಾರರೇ ಹೆಚ್ಚು ಬರಲಿಲ್ಲ, ಸುಮಾರು ಒಂದು ವರ್ಷದಲ್ಲಿ ಬಾಗಿಲು ಹಾಕಿದರು. ಬಾರದಿದ್ದವರು ಜಾಣರೋ ಅದೃಷ್ಟವಂತರೋ ಗೊತ್ತಿಲ್ಲ. ಯಾಕೆಂದರೆ ಅನಾಥ ಮಕ್ಕಳ ಆಸ್ತಿಯನ್ನು ನೋಡಿಕೊಳ್ಳುವ ಹೊಣೆ ಹೊತ್ತಿದ್ದ ಇದೇ ನಗರಸಭೆ ಆಗ ಆ ದುಡ್ಡನ್ನೇ ತೀರಿಸಲಾಗದೆ ಸಾಲದಲ್ಲಿ ಮುಳುಗಿತ್ತು. ಅದನ್ನು ಬಗೆಹರಿಸಲು 1694ರಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಬೇಕಾಯಿತು. ಅಂಥವರ ಹತ್ತಿರ ಅಗ್ಗದ ವಿಮೆ ಕೊಂಡಿದ್ದರೆ ಅದು ಅಗ್ಗವಾಗಿರುತ್ತಿತ್ತಾ?

ಬಾರ್ಬನ್ ಭದ್ರತೆಗೆ ಅಂತ ಲಂಡನ್ನಿನ ನೆಲಬಾಡಿಗೆಗಳನ್ನು ಒತ್ತೆ ಇಟ್ಟಿದ್ದ. ಕೇಳಲು ಚೆನ್ನಾಗಿದೆ. ಆದರೆ ದೊಡ್ಡ ಬೆಂಕಿ ಆ ಬೀದಿಗಳಿಗೂ ಬಿದ್ದರೆ ಬಾಡಿಗೆ ಕೊಡುವವರು ಯಾರು?

ಆಮೇಲೆ ಬಂದದ್ದು ಫ್ರೆಂಡ್ಲಿ ಸೊಸೈಟಿ. ವರ್ಷಕ್ಕೆ ಸಣ್ಣ ಮೊತ್ತ, ಒಂದಿಷ್ಟು ಠೇವಣಿ. ಯಾರದಾದರೂ ಮನೆ ಸುಟ್ಟರೆ ಎಲ್ಲರೂ ತಮ್ಮ ತಮ್ಮ ಪಾಲು ಹಾಕಬೇಕು. ಪಾಲಿಗೆ ಒಂದು ಮಿತಿಯೂ ಇತ್ತು. ಕೊಟೇಶನ್ನಿನಲ್ಲಿ ಕಾಣುವ ಸಂಖ್ಯೆ ಬಾರ್ಬನ್ನನದಕ್ಕಿಂತ ಎಷ್ಟೋ ಕಡಿಮೆ, ಕಾಣದ ಸಂಖ್ಯೆ ಬೆಂಕಿ ಬಿದ್ದ ವರ್ಷ ಬರುತ್ತದೆ. 1684ರಲ್ಲಿ ಎರಡೂ ಕಚೇರಿಗಳನ್ನು ಹೋಲಿಸುವ ಕರಪತ್ರವೊಂದು ಅಚ್ಚಾಯಿತು, ಹಳ್ಳಿಯ ಮಹನೀಯರೊಬ್ಬರಿಗೆ ಬರೆದ ಪತ್ರದ ರೂಪದಲ್ಲಿ. ಬರೆದವನು ಬಾರ್ಬನ್ನನೇ ಅಂತ ಹೇಳುತ್ತಾರೆ. ಹೋಲಿಸಿ ನೋಡುವುದು ಒಳ್ಳೆಯದೇ, ಹೋಲಿಸಿ ಕೊಡುತ್ತಿರುವವರು ಯಾರು ಅಂತಲೂ ನೋಡಬೇಕು!

ಈ ಇಡೀ ಸಂತೆಯಲ್ಲಿ ನನಗೆ ಇಷ್ಟವಾದದ್ದು 1696ರ ಹ್ಯಾಂಡ್ ಇನ್ ಹ್ಯಾಂಡ್. ಒಂದು ಕಾಫಿ ಅಂಗಡಿಯಲ್ಲಿ ಹುಟ್ಟಿದ ಸಂಘ. ವಿಮೆ ಮಾಡಿಸಿದವರೇ ಮಾಲೀಕರು. ಪಾಲಿಸಿ ಏಳು ವರ್ಷದ್ದು, ನಷ್ಟ ಮತ್ತು ಖರ್ಚು ಕಳೆದು ಉಳಿದ ಹಣದಲ್ಲಿ ಸದಸ್ಯರಿಗೆ ಪಾಲು. ಇಲ್ಲಿ ಮೊದಲು ಕೊಟ್ಟ ಮೊತ್ತ ಜಾಸ್ತಿಯಾದರೂ ಕಡೆಗೆ ಬಿದ್ದ ಬೆಲೆ ಕಮ್ಮಿ ಇರಬಹುದು. ಬಾರ್ಬನ್ನನ ಕಚೇರಿ ಆಮೇಲೆ ಫೀನಿಕ್ಸ್ ಅಂತ ಹೆಸರು ಬದಲಿಸಿಕೊಂಡು 18ನೇ ಶತಮಾನದ ಆರಂಭದಲ್ಲೇ ಮಾಯವಾಯಿತು (ಆ ಹೆಸರಿಗೆ ತಕ್ಕ ಹಾಗೆ ಮತ್ತೆ ಎದ್ದು ಬರಲಿಲ್ಲ). ಹ್ಯಾಂಡ್ ಇನ್ ಹ್ಯಾಂಡ್ 1905ರಲ್ಲಿ ಬೇರೆ ಕಂಪನಿಯೊಳಗೆ ಸೇರುವ ತನಕ ಬದುಕಿತ್ತು.

ಅಂದ ಹಾಗೆ, ಈ ಕಂಪನಿಗಳು ಸೀಸದ ಗುರುತಿನ ಫಲಕಗಳನ್ನು ಮನೆ ಗೋಡೆಗೆ ಹೊಡೆಯುತ್ತಿದ್ದವು, ತಮ್ಮದೇ ಅಗ್ನಿಶಾಮಕ ತಂಡಗಳನ್ನೂ ಇಟ್ಟುಕೊಂಡಿದ್ದವು. ಫಲಕ ಇಲ್ಲದ ಮನೆ ಸುಡುತ್ತಿದ್ದರೆ ಅವರು ಕೈಕಟ್ಟಿ ನೋಡುತ್ತಿದ್ದರು ಅನ್ನೋ ಕಥೆಯನ್ನು ನೀವೂ ಕೇಳಿರಬಹುದು. ಇದನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಪಕ್ಕದ ಮನೆಯ ಬೆಂಕಿ ಫಲಕ ಓದಿಕೊಂಡು ನಿಲ್ಲುವುದಿಲ್ಲ, ಮೇಲಾಗಿ ಮೊದಲು ಬಂದ ಪಂಪಿನವರಿಗೆ ಪ್ಯಾರಿಷ್‌ನಿಂದ ಇನಾಮೂ ಇತ್ತು.

ಸರಿಯಾದ ಪ್ರೀಮಿಯಂ ಅಂದರೇನು ಅನ್ನುವುದನ್ನು ನೇರವಾಗಿ ಹೇಳಿದವನು ಆಡಮ್ ಸ್ಮಿತ್, 1776ರ ತನ್ನ ದೊಡ್ಡ ಪುಸ್ತಕದಲ್ಲಿ. ಅವನ ಪ್ರಕಾರ ಪ್ರೀಮಿಯಂ ಮೂರನ್ನು ತುಂಬಬೇಕು: ಸಾಮಾನ್ಯವಾಗಿ ಆಗುವ ನಷ್ಟ, ಕಚೇರಿ ನಡೆಸುವ ಖರ್ಚು, ಮತ್ತು ಅಷ್ಟೇ ಬಂಡವಾಳ ಬೇರೆ ವ್ಯಾಪಾರದಲ್ಲಿ ತರಬಹುದಾಗಿದ್ದ ಲಾಭ. ಇಷ್ಟನ್ನೇ ಕೊಡುವವನು ಅಪಾಯದ ನಿಜ ಬೆಲೆಯನ್ನೇ ಕೊಡುತ್ತಿದ್ದಾನೆ. ಬೆಲೆ ಇಷ್ಟು ಹಿತಮಿತವಾಗಿದ್ದರೂ ಇಪ್ಪತ್ತಕ್ಕೆ ಹತ್ತೊಂಬತ್ತು, ಬಹುಶಃ ನೂರಕ್ಕೆ ತೊಂಬತ್ತೊಂಬತ್ತು ಮನೆಗಳಿಗೆ ಬೆಂಕಿ ವಿಮೆ ಇಲ್ಲ ಅಂತಲೂ ಬರೆದ.

ಸ್ಮಿತ್ ಹೇಳಿದ ಮೊದಲನೇ ಭಾಗ, ಅಂದರೆ ನಷ್ಟ, ಎಲ್ಲ ಮನೆಗೂ ಒಂದೇ ಅಲ್ಲ. ಇದು ಚೆನ್ನಾಗಿ ಕಾಣುವುದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಹ್ಯಾಂಡ್ ಇನ್ ಹ್ಯಾಂಡ್ ಮಾದರಿಯಲ್ಲಿ ಒಂದು ಸಂಘ ಕಟ್ಟಿದರು. ಮನೆ ಮುಂದೆ ಮರ ಇದ್ದರೆ ಬೆಂಕಿ ಆರಿಸಲು ಅಡ್ಡಿ ಅಂತ 1781ರಲ್ಲಿ ಅಂಥ ಮನೆಗಳನ್ನು ಬೇಡ ಅಂದರು. ನೆರಳು ಬಿಡಲೊಲ್ಲದವರು 1784ರಲ್ಲಿ ಬೇರೆ ಕಂಪನಿ ಮಾಡಿಕೊಂಡು, ಮರಕ್ಕೆ ಸ್ವಲ್ಪ ಹೆಚ್ಚು ತೆಗೆದುಕೊಂಡು, ಹಸಿರು ಮರವನ್ನೇ ಗುರುತಾಗಿಸಿಕೊಂಡರು.

ಇನ್ನು ಸ್ಮಿತ್ ಎಣಿಸದ ನಾಲ್ಕನೇ ಭಾಗವೊಂದಿದೆ. ತೆರಿಗೆ. ಬ್ರಿಟನ್ನಿನಲ್ಲಿ 1815ರ ಹೊತ್ತಿಗೆ 100 ಪೌಂಡ್ ವಿಮೆಗೆ ಸರ್ಕಾರಕ್ಕೇ 3 ಶಿಲಿಂಗ್, ಒಳ್ಳೆಯ ಇಟ್ಟಿಗೆ ಮನೆಗೆ ಕಂಪನಿಯ ದರ ಸುಮಾರು ಅದರ ಅರ್ಧ. ಆ ಬಿಲ್ ನೋಡಿ ಕಂಪನಿಯನ್ನು ಬೈದವರು ತಪ್ಪು ವಿಳಾಸಕ್ಕೆ ಬೈದಿದ್ದಾರೆ. ಆ ತೆರಿಗೆ ಹೋದದ್ದು 1869ರಲ್ಲಿ.

ಈಗ ನನ್ನ ಹಾಳೆಗೆ ಬರುತ್ತೇನೆ. ಭಾರತದಲ್ಲಿ 2007ಕ್ಕೆ ಮುಂಚೆ ಬೆಂಕಿ ವಿಮೆಯ ದರ ಟ್ಯಾರಿಫ್ ಕಮಿಟಿ ಗೊತ್ತು ಮಾಡಿದ್ದು, ಚೌಕಾಸಿಯೇ ಇರಲಿಲ್ಲ. ಈಗ ದರ ಕಂಪನಿಗೆ ಬಿಟ್ಟದ್ದು, ಆದರೆ 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಅಂತ ಎಲ್ಲ ಕಂಪನಿಗಳೂ ಕೊಡಲೇಬೇಕಾದ ಒಂದೇ ಮಾದರಿಯ ಪಾಲಿಸಿ ಇದೆ. ಆದ್ದರಿಂದ ಹೋಲಿಕೆ ಬಾರ್ಬನ್ ಕಾಲಕ್ಕಿಂತ ಸುಲಭ. ಅದರಲ್ಲಿ ಕಟ್ಟಡದ ಮೊತ್ತ ಎಂದರೆ ಕಾರ್ಪೆಟ್ ಏರಿಯಾವನ್ನು ಈಗಿನ ಕಟ್ಟುವ ದರದಿಂದ ಗುಣಿಸಿದ್ದು. ಮನೆಯೊಳಗಿನ ಸಾಮಾನಿಗೆ ಅದರ 20%, ಗರಿಷ್ಠ 10 ಲಕ್ಷ, ತಾನಾಗೇ ಸೇರುತ್ತದೆ.

ನನ್ನದು 1,100 ಚದರಡಿ. ನಮ್ಮ ಮೇಸ್ತ್ರಿ ಹೇಳಿದ ದರ ಚದರಡಿಗೆ 2,200. ಗುಣಿಸಿದರೆ 24 ಲಕ್ಷದ 20 ಸಾವಿರ. ಹಾಳೆಯಲ್ಲಿರುವುದು 60 ಲಕ್ಷ! ಉಳಿದ ಮೂವತ್ತೈದು ಚಿಲ್ಲರೆ ಲಕ್ಷ ಸೈಟಿನ ಬೆಲೆ. ನೆಲ ಸುಡುವುದಿಲ್ಲ, ಸುಟ್ಟರೂ ಕಂಪನಿ ಕೊಡುವುದು ಕಟ್ಟುವ ಖರ್ಚನ್ನು ಮಾತ್ರ. (2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ನೆಲವೇ ಹೋಯಿತು. ಮನೆಯ ಪಾಲಿಸಿ ಇದ್ದಿದ್ದರೂ ಆ ನೆಲಕ್ಕೆ ದುಡ್ಡು ಬರುತ್ತಿರಲಿಲ್ಲ. ಅದನ್ನು ನೆನೆದರೆ ಈ ಲೆಕ್ಕ ನಗುವಂಥದ್ದಲ್ಲ.) ಜೊತೆಗೆ ಹತ್ತು ವರ್ಷದ ಪ್ರೀಮಿಯಂ, ಅದಕ್ಕೆ ಜಿಎಸ್‌ಟಿ, ಎಲ್ಲವೂ ಸಾಲಕ್ಕೆ ಸೇರಿ ಅದಕ್ಕೂ ಬಡ್ಡಿ.

ದರದ ಶೇಕಡಾ ಲೆಕ್ಕ ಹಾಕಿದರೆ ನಿಜಕ್ಕೂ ಜಾಸ್ತಿಯೇನೂ ಇರಲಿಲ್ಲ. ಜಾಸ್ತಿ ಇದ್ದದ್ದು ಅದನ್ನು ಗುಣಿಸಿದ್ದ ಮೊತ್ತ. ಸೋಮವಾರ ಹೋಗಿ ಇಪ್ಪತ್ತೈದು ಲಕ್ಷಕ್ಕೆ, ಒಂದೇ ವರ್ಷಕ್ಕೆ, ಬೇರೆ ಚೆಕ್ಕಿನಲ್ಲಿ ಕೊಡುತ್ತೇನೆ ಅಂದೆ. "ಹೀಗೆ ಯಾರೂ ಕೇಳಿಲ್ಲ ಸಾರ್, ಮೇಲಿನವರನ್ನು ಕೇಳಬೇಕು" ಅಂದರು. ಕೇಳುತ್ತಿದ್ದಾರೆ. ಅಷ್ಟರಲ್ಲಿ ಇನ್ನೆರಡು ಕಂಪನಿಗಳಿಂದ ಅದೇ ಮೊತ್ತಕ್ಕೆ ಕೊಟೇಶನ್ ತರಿಸಿ ಟೇಬಲ್ ಮೇಲೆ ಇಟ್ಟುಕೊಂಡಿದ್ದೇನೆ.