ವಿಶ್ವಾಸದ ಬಿತ್ತನೆ: ಒಂದು ಹಿನ್ನೋಟ

ಶತಮಾನೋತ್ಸವದ ಈ ಶುಭವರ್ಷದಲ್ಲಿ ನಮ್ಮ ತರುಣರು ಒಂದು ಪ್ರಶ್ನೆಯನ್ನು ಕೇಳುವುದುಂಟು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳಲ್ಲಿ ಕ್ರೈಸ್ತರು ಇಂದಿಗೂ ಇಷ್ಟು ಅಲ್ಪಸಂಖ್ಯಾತರೇಕೆ? ಹಿರಿಯರ ಶ್ರಮವು ವ್ಯರ್ಥವಾಯಿತೇ? ಪ್ರಶ್ನೆ ನ್ಯಾಯವಾದುದೇ. ಅದು ಹೊಸದೇನೂ ಅಲ್ಲ.

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಗುರುಗಳು ಮೈಸೂರು ಸೀಮೆಯಲ್ಲಿ ಶುಭಸಂದೇಶದ ಸೇವೆಯನ್ನಾರಂಭಿಸಿದರು. 1773ರಲ್ಲಿ ಆ ಸಭೆಯೇ ರದ್ದಾಯಿತು. ಬಳಿಕ ಯುದ್ಧಗಳಿಂದ ಕ್ರೈಸ್ತರು ಚದುರಿದರು. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಅವರನ್ನು ಒಗ್ಗೂಡಿಸಲು ಬಂದವರು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಆಬೆ ದ್ಯುಬುವಾ. ಜನರು ಅವರನ್ನು 'ದೊಡ್ಡಸ್ವಾಮಿ'ಯವರೆಂದು ಕರೆದರು. ದೇಶೀಯರ ಉಡುಗೆತೊಡುಗೆಯಲ್ಲೇ ಬಾಳಿದ ಅವರು ಸಿಡುಬಿನ ಲಸಿಕೆಯನ್ನೂ ಪ್ರಚಾರಪಡಿಸಿದರು. ಆದರೆ 1823ರಲ್ಲಿ ಸ್ವದೇಶಕ್ಕೆ ಮರಳಿ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಸುಮಾರು ಮೂವತ್ತು ವರ್ಷಗಳಲ್ಲಿ ತಾವು ಹೊಸದಾಗಿ ವಿಶ್ವಾಸಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಇಲ್ಲಿ ಕ್ರೈಸ್ತಧರ್ಮ ಬೆಳೆಯುವ ಆಸೆಯಿಲ್ಲವೆಂದೂ ಬರೆದರು.

ಆದರೂ ಆ ನಿರಾಶೆಯೇ ಅಂತ್ಯವಾಗಲಿಲ್ಲ. ಅದೇ ದೊಡ್ಡಸ್ವಾಮಿಯವರು 1836ರಿಂದ 1839ರವರೆಗೆ ಪ್ಯಾರಿಸಿನ ಆ ಸಂಸ್ಥೆಗೆ ಮುಖ್ಯಸ್ಥರಾಗಿದ್ದರು. ಪೂರ್ವದೇಶಗಳಿಗೆ ತರುಣ ಗುರುಗಳನ್ನು ಕಳುಹಿಸುತ್ತಿದ್ದ ಸಂಸ್ಥೆಯದು. 1848ರಲ್ಲಿ ಅವರು ತೀರಿಕೊಂಡರು. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು, 1886ರಲ್ಲಿ ಧರ್ಮಪ್ರಾಂತ್ಯವಾಯಿತು. 1940ರಲ್ಲಿ ಬೆಂಗಳೂರು ಬೇರೆ ಧರ್ಮಪ್ರಾಂತ್ಯವಾಗಿ ರೂಪುಗೊಂಡಿತು. ತುಮಕೂರು ಜಿಲ್ಲೆಯ ನಾವು ಇಂದು ಅದರ ಮಕ್ಕಳು.

ನೆರೆಯ ಗುಬ್ಬಿಯಲ್ಲಿಯೂ ಇಂಥದೇ ಪರೀಕ್ಷೆ ನಡೆಯಿತು. 1839ರಲ್ಲಿ ಭಾರತಕ್ಕೆ ಬಂದು ಅಲ್ಲಿ ಕನ್ನಡ ಕಲಿತ ವೆಸ್ಲಿಯನ್ ಸಹೋದರ ವಿಲಿಯಂ ಆರ್ಥರ್, ದೃಷ್ಟಿ ಕುಂದಿದ್ದರಿಂದ ಎರಡೇ ವರ್ಷಗಳಲ್ಲಿ ಹಿಂತಿರುಗಬೇಕಾಯಿತು. ಅವರ ಕೆಲಸವನ್ನು ಬೇರೆಯವರು ಮುಂದುವರಿಸಿದರು.

ನಮ್ಮ ನಾಲ್ಕು ತಾಲ್ಲೂಕುಗಳ ರೈತರಿಗೆ ತಲಪರಿಗೆಯನ್ನು ವಿವರಿಸಬೇಕಾಗಿಲ್ಲ. ಹೂಳು ತೆಗೆದಾಗ ನೀರು ಭೋರ್ಗರೆಯುವುದಿಲ್ಲ, ಮೆಲ್ಲನೆ ಜಿನುಗುತ್ತದೆ. ಊರೆಲ್ಲ ಸೇರಿ ಹೂಳೆತ್ತಿದರೆ ಮಾತ್ರ ಒಸರು ಉಳಿಯುತ್ತದೆ. ಆತುರಪಟ್ಟು ಕೊಳವೆಬಾವಿ ಕೊರೆದ ಕಡೆ ಎಷ್ಟೋ ತಲಪರಿಗೆಗಳು ಬತ್ತಿಹೋಗಿವೆ. ವಿಶ್ವಾಸದ ಸೇವೆಯೂ ಹಾಗೆಯೇ. ಆಸೆ ತೋರಿಸಿ, ಅವಸರಪಡಿಸಿ ಸಂಖ್ಯೆ ಕೂಡಿಸುವುದು ನಮ್ಮ ದಾರಿಯಲ್ಲ. ರೋಗಿಗೆ ಆರೈಕೆ, ಮಗುವಿಗೆ ಅಕ್ಷರ, ನೆರೆಯವನೊಡನೆ ಸತ್ಯವಾದ ಬಾಳು, ಕೇಳುವವರಿಗೆ ಕ್ರಿಸ್ತನ ಹೆಸರು: ಇಷ್ಟೇ ನಮ್ಮ ಪಾಲಿನ ಹೂಳೆತ್ತುವ ಕೆಲಸ.

ಜ್ಞಾನಸ್ನಾನದ ದಾಖಲೆಯು ಎಷ್ಟು ಮಂದಿ ಸೇರಿದರೆಂಬುದನ್ನು ಹೇಳುತ್ತದೆ. ಎಷ್ಟು ಹೃದಯಗಳು ಮೃದುವಾದವೆಂಬುದನ್ನು ಹೇಳಲಾರದು. ಪ್ರಿಯ ಭಕ್ತಾದಿಗಳೇ, ಎರಡನೆಯ ಶತಮಾನದ ಹೊಸ್ತಿಲಲ್ಲಿ ನಿಂತಿರುವ ನಾವು ಬಿತ್ತನೆಯನ್ನು ಬಿಡದಿರೋಣ. ಬೆಳೆಯ ಕಾಲವನ್ನು ಒಡೆಯನಿಗೇ ಒಪ್ಪಿಸೋಣ.