ಕಲ್ಯಾಣದ ಗ್ರಂಥ ಕಾನೂನಾದ ಬಗೆ



ಊರಿನ ಆಸ್ತಿ ಪಾಲಿನ ಮಾತು ನಮ್ಮ ದೋಹಾದ ಮನೆಗಳಲ್ಲಿಯೂ ಆಗಾಗ ಏಳುತ್ತದೆ. ಪಿತ್ರಾರ್ಜಿತ, ಅವಿಭಕ್ತ ಕುಟುಂಬ ಎಂದೆಲ್ಲ ನಾವು ಸಲೀಸಾಗಿ ಹೇಳುತ್ತೇವೆ. ಈ ಮಾತುಗಳ ಬೆನ್ನಿಗಿರುವ ಗ್ರಂಥ ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣದ್ದು ಎಂಬುದು ಎಷ್ಟು ಮಂದಿಗೆ ಗೊತ್ತೋ!

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಸಂಸ್ಕೃತದಲ್ಲಿ ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ'. ತಾತನ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಈತ ವಾದಿಸಿದ. ಸಪಿಂಡ ಎಂದರೆ ಶ್ರಾದ್ಧದ ಪಿಂಡದ ನಂಟಲ್ಲ, ಒಂದೇ ಶರೀರದ ಅಂಶ ಹಂಚಿಕೊಂಡವರ ನಂಟು ಎಂದ. ತಾಯಿಯ ಶರೀರವನ್ನೂ ಲೆಕ್ಕಕ್ಕೆ ಹಿಡಿದ. ವೈದ್ಯರಾದ ನಮಗೆ ಈ ಮಾತು ಬಹಳ ಹಿಡಿಸುತ್ತದೆ! ಹಿರಿಯ ಮಗನಿಗೆ ಹೆಚ್ಚು ಪಾಲನ್ನು ಶಾಸ್ತ್ರ ಹೇಳಿದ್ದರೂ, ಲೋಕ ಅದನ್ನು ಒಪ್ಪದ ಕಾರಣ ಹಾಗೆ ಹಂಚಕೂಡದು ಎಂದೂ ಬರೆದ.

ಆದರೆ ಗ್ರಂಥವೊಂದು ತಾನಾಗಿಯೇ ಕಾನೂನಾಗುವುದಿಲ್ಲ. ಯಹೂದ್ಯರ ತೋರಾವನ್ನೇ ನೋಡಿ. ಪರ್ಷಿಯಾದ ಅರಸನು ಎಜ್ರನೆಂಬ ಶಾಸ್ತ್ರಿಗೆ ಅಧಿಕಾರ ಕೊಟ್ಟು ಕಳುಹಿಸಿದನೆಂದೂ, ಅವನು ಜೆರುಸಲೇಮಿನಲ್ಲಿ ಜನರೆದುರು ಧರ್ಮಶಾಸ್ತ್ರವನ್ನು ಓದಿಸಿದನೆಂದೂ ಅವರ ಗ್ರಂಥಗಳೇ ಹೇಳುತ್ತವೆ. ನಾವಿರುವ ಕತಾರಿನಲ್ಲಿಯೂ 2006ರ ಕುಟುಂಬ ಕಾನೂನು ಬರುವವರೆಗೆ ಹಂಬಲಿ ಪಂಥದ ಗ್ರಂಥಗಳೇ ಇಂಥ ವ್ಯಾಜ್ಯಗಳಿಗೆ ಆಧಾರವಾಗಿದ್ದವು.

ಮಿತಾಕ್ಷರೆಗೆ ಆ ಯೋಗ ಬಂದದ್ದು ಕಂಪನಿ ಸರ್ಕಾರದಿಂದ. ವಾರಾಧಿಕಾರ, ಮದುವೆಯ ವ್ಯಾಜ್ಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸಲ್ಮಾನರಿಗೆ ಕುರಾನು ಎಂದು 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಗೊತ್ತುಮಾಡಿದ. ಸಂಸ್ಕೃತ ಬಾರದ ನ್ಯಾಯಾಧೀಶನಿಗೆ ತೆರೆದು ನೋಡಲು ಪುಸ್ತಕ ಬೇಕಲ್ಲ! 1810ರಲ್ಲಿ ಕೋಲ್‌ಬ್ರೂಕ್ ಇದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ. ಬಂಗಾಳಕ್ಕೆ ಜೀಮೂತವಾಹನನ 'ದಾಯಭಾಗ'. ಉಳಿದ ಬಹುಭಾಗಕ್ಕೆ ನಮ್ಮ ಕಲ್ಯಾಣದವನೇ ಪ್ರಮಾಣ. 1864ರಲ್ಲಿ ಕೋರ್ಟಿನ ಪಂಡಿತರೂ ಮನೆಗೆ ಹೋದರು. ಆಮೇಲೆ ಉಳಿದದ್ದು ಅನುವಾದ ಮತ್ತು ಹಳೆಯ ತೀರ್ಪುಗಳು. ಲೋಕದ ರೂಢಿಗೆ ಕಿವಿಗೊಟ್ಟವನ ಗ್ರಂಥ ಹೀಗೆ ಕಲ್ಲಾಯಿತೆಂಬುದೇ ನಮಗೆ ವ್ಯಥೆ. ರುಜುವಾತಾದ ರೂಢಿ ಗ್ರಂಥಕ್ಕಿಂತ ಮೇಲೆಂದು ಪ್ರಿವಿ ಕೌನ್ಸಿಲ್ 1868ರಲ್ಲಿ ಹೇಳಿತು ನಿಜ. ಆ ರುಜುವಾತನ್ನು ಬಡ ರೈತ ಎಲ್ಲಿಂದ ತರಬೇಕು? (ಕರಾವಳಿಯ ಅಳಿಯಸಂತಾನದ ಕಥೆಯೇ ಬೇರೆ, ಅದಕ್ಕೆ 1949ರಲ್ಲಿ ಮದರಾಸು ಸರ್ಕಾರ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು.)

ಕಲ್ಲನ್ನು ಮೊದಲು ಕೊಂಚ ಸಡಿಲಿಸಿದವರಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಒಂದು. 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ ತಂದಿತು. 1956ರ ಉತ್ತರಾಧಿಕಾರ ಕಾಯಿದೆಯು ಅವಿಭಕ್ತ ಕುಟುಂಬದಲ್ಲಿ ಗಂಡುಮಕ್ಕಳ ಜನ್ಮಹಕ್ಕನ್ನು ಹಾಗೆಯೇ ಬಿಟ್ಟಿತು. 1994ರಲ್ಲಿ ಕರ್ನಾಟಕ ಅದನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗಿಲ್ಲ. ಆ ತಡೆ 2005ರ ಕೇಂದ್ರ ತಿದ್ದುಪಡಿಯಿಂದ ಹೋಯಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕೂ ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಮುಗಿದ ಪಾಲುಗಳನ್ನು ಮಾತ್ರ ಕೆದಕುವಂತಿಲ್ಲ.

ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಕಳುಹಿಸೆಂದು ಊರಿನಿಂದ ಫೋನು ಬಂದರೆ, ನಮ್ಮ ಸಂಘದ ಸೋದರಿಯರು ರಾಯಭಾರ ಕಚೇರಿಯ ಮೊಹರಿಗೆ ಹೋಗುವ ಮೊದಲು ಅದನ್ನು ಊರಿನ ವಕೀಲರೊಬ್ಬರಿಗೆ ತೋರಿಸಲಿ.